ಕುತ್ತಿಗೆಮಟ್ಟದ ಗೀಟು

"ಕಂಬಕ್ಕೆ ಮನುಷ್ಯರ ಅಳತೆ ಮಾತ್ರ ಕೊಡಬೇಡಪ್ಪಾ," ಎಂದಳು ದಡದಲ್ಲಿ ಬಲೆ ಹೆಣೆಯುತ್ತಿದ್ದ ಅಜ್ಜಿ. "ನನ್ನ ಗಂಡನ್ನ ಈ ನೀರಿಗೆ ತಳ್ಳಿದೋರ ಮೇಲೆ ನಮ್ಮತ್ತೆ ಮಾಟ ಮಾಡಿಸಿದ್ರು. ಅವರೆಲ್ಲ ಸತ್ರು, ಮಾಟ ಸಾಯಲಿಲ್ಲ. ಯಾರ ಅಳತೆ ಕೊಡ್ತೀಯೋ ಅವರನ್ನೇ ಈ ನೀರು ಕೇಳುತ್ತೆ."

ಬಡಗಿ ನಕ್ಕ. "ನೀರಿಗೆ ಕಿವಿ ಇದ್ದಿದ್ರೆ ಅಜ್ಜಿ, ನನ್ನ ಗೊಣಗಾಟಕ್ಕೆ ಎಂದೋ ಬತ್ತಿ ಹೋಗಿರೋದು."

ಬದುಕಿಡೀ ಬೇರೆಯವರ ಮನೆ ಕಟ್ಟಿ ಸೊಂಟ ಬಿದ್ದುಹೋದವನು ಅವನು. ಕಾಡಿನ ನಡುವಿನ ಈ ಸರೋವರದ ಅಂಚಿನಲ್ಲಿ ದೋಣಿ ನಿಲ್ಲಿಸಲು ನೀರಲ್ಲೇ ಕಂಬ ನೆಟ್ಟು ಮರದ ದೋಣಿಮನೆ ಕಟ್ಟಿ, ಒಂದೆರಡು ದೋಣಿ ಬಾಡಿಗೆಗೆ ಬಿಟ್ಟು, ಗಂಡ ಹೆಂಡತಿ ಇನ್ನಾದರೂ ಕಾಲು ಚಾಚಿ ಕೂರಬೇಕೆಂಬುದೊಂದೇ ಅವನ ಆಸೆ. ಕೊನೆಯ ಕಂಬಕ್ಕೆ ಆಳ ನೋಡಬೇಕಿತ್ತು. ಅಳತೆಕೋಲು ಗುಡ್ಡದ ಮೇಲಿನ ಶೆಡ್ಡಿನಲ್ಲಿತ್ತು. ಹತ್ತಿ ಇಳಿಯುವಷ್ಟು ತ್ರಾಣ ಯಾರಿಗಿತ್ತು? ಹೆಂಡತಿಯನ್ನೇ ನೀರಿಗಿಳಿಸಿದ. ನೀರು ಅವಳ ಕುತ್ತಿಗೆ ಮುಟ್ಟಿತು. ಪಕ್ಕದಲ್ಲೇ ಕಂಬ ನಿಲ್ಲಿಸಿ, ಅದೇ ಮಟ್ಟಕ್ಕೆ ಉಳಿಯಿಂದ ಗೀಟು ಕೊರೆದ.

ಸೂರು ಏರಿತು. ಹಸಿ ಮರದ ವಾಸನೆ, ಟಾರಿನ ಘಾಟು. ಒಂದು ಬೆಳಿಗ್ಗೆ ನೋಡಿದರೆ ಗೀಟು ನೀರಿನೊಳಗೆ. ಕಂಬ ಕೆಸರಿಗೆ ಇಳಿದಿತ್ತು. ಹೊಸ ಕಂಬ, ಸ್ವಲ್ಪ ಕೂತುಕೊಳ್ಳುತ್ತದೆ ಎಂದು ಅವನು ಸುಮ್ಮನಾದ. ಅಂದು ದಡದ ಮೇಲಿನ ತಮ್ಮ ಗುಡಿಸಲಲ್ಲಿ ಒಲೆಯ ಮುಂದೆಯೇ ಕೂತಿದ್ದ ಹೆಂಡತಿ, "ರೀ, ಗಲ್ಲದ ತನಕ ಥಂಡಿ ಏರ್ತಿದೆ," ಎಂದಳು. ಅವಳ ಉಸಿರಿಗೆ ಪಾಚಿಯ ವಾಸನೆಯಿತ್ತು.

ಮರುದಿನ ಕಂಬ ಇನ್ನೂ ಇಳಿಯಿತು. ಒಣ ಹಾಸಿಗೆಯ ಮೇಲೆ ಕೂತು ಅವಳು ಬೊಗಸೆ ಬೊಗಸೆ ನೀರು ಕಾರಿದಳು. ಅವನಿಗೆ ಭಯವಾಯಿತು. ಗರಗಸ ಹಿಡಿದು ಓಡಿದ. ಅದರ ಹಲ್ಲು ಕಂಬಕ್ಕೆ ತಾಗಿದ್ದೇ ತಡ, ಗುಡಿಸಲಿನಿಂದ ಚೀರಾಟ.

"ಅಯ್ಯೋ! ನನ್ನ ಕುತ್ತಿಗೆ!"

ಗರಗಸ ಕೈಜಾರಿ ನೀರಿಗೆ ಬಿತ್ತು.

"ಕಂಬ ಕೊಯ್ದರೆ ಅವಳನ್ನೇ ಕೊಯ್ದ ಹಾಗೆ," ಎಂದಳು ದಡದಿಂದ ಅಜ್ಜಿ. "ಅವಳ ಗೀಟು ಕೆತ್ತಿ ತೆಗಿ. ಇನ್ನೊಬ್ಬರ ಅಳತೆ ಹಾಕು. ಬರಿಗೈಲಿ ಈ ನೀರು ಬಿಡಲ್ಲ."

"ಯಾರದು ಹಾಕ್ಲಿ ಅಜ್ಜಿ?"

ಅಜ್ಜಿ ಬಲೆಗೆ ಇನ್ನೊಂದು ಗಂಟು ಬಿಗಿದಳು.

ಅವನು ನೀರಿಗಿಳಿದ. ಸುತ್ತ ಮಂಜು. ಗೀಟು ಕಾಣಲಿಲ್ಲ. ಬೆರಳಿಂದ ತಡವಿದ. ಸಿಕ್ಕಿತು. ಉಳಿ ಇಟ್ಟ. ಬಡಿದ. ಗುಡಿಸಲಲ್ಲಿ ಕೆಮ್ಮು. ಬಡಿದ. ಮತ್ತೆ ಕೆಮ್ಮು. ಬಡಿದ. ಕೆಮ್ಮು ನಿಂತಿತು. ಹೋದಳಾ? ಕಂಬಕ್ಕೆ ಬೆನ್ನು ಕೊಟ್ಟು ನಿಂತ. ತನ್ನ ಕುತ್ತಿಗೆಯ ಮಟ್ಟಕ್ಕೆ ಉಳಿ ಊರಿದ. ಎಳೆದ. ದೂರದಲ್ಲಿ ಅವಳು ದೀರ್ಘವಾಗಿ ಉಸಿರೆಳೆದುಕೊಂಡ ಸದ್ದು ಕೇಳಿಸಿತು.

ಈಗ ದೋಣಿಗಳು ಬಾಡಿಗೆಗೆ ಹೋಗುತ್ತವೆ. ಬಂದವರೆಲ್ಲ ಎಂಥಾ ಚೆಂದದ ಜಾಗ ಎನ್ನುತ್ತಾರೆ. ಅವಳ ಕುತ್ತಿಗೆಯಲ್ಲಿ ತೆಳ್ಳನೆಯ ಗಾಯದ ಗುರುತೊಂದು ಉಳಿದಿದೆ, ಅಷ್ಟೆ. ಅವನು ಆಸೆಪಟ್ಟಂತೆಯೇ ದಿನವಿಡೀ ಕಾಲು ಚಾಚಿ ಕೂತಿರುತ್ತಾನೆ. ಅವಳಿಗಿಂತ ಅವನು ಗೇಣುದ್ದ ಎತ್ತರ, ಅವನ ಗೀಟೂ ನೀರಿನಿಂದ ಅಷ್ಟೇ ಮೇಲಿತ್ತು. ಅವರಿಗೆ ಸಿಕ್ಕಿದ್ದು ಆ ಗೇಣು ಮಾತ್ರ.

ದಿನಾ ಬೆಳಿಗ್ಗೆ ಅವಳೇ ಹೋಗಿ ಕಂಬ ನೋಡಿ ಬರುತ್ತಾಳೆ.

"ಎಷ್ಟು ಇಳಿದಿದೆ?" ಎಂದು ಇವತ್ತೂ ಅವನು ಕೇಳಿದ.

"ಇಳಿದೇ ಇಲ್ಲ ಕಣ್ರೀ," ಎಂದಳು ಅವಳು. ಆಮೇಲೆ ಅವನು ಹೊದ್ದಿದ್ದ ಕಂಬಳಿಯನ್ನು ಹೊರಗೆ ಒಯ್ದು, ಅದರ ನೀರು ಹಿಂಡತೊಡಗಿದಳು.