ಎಡಗಡೆಯ ಕಂಬ

ಮೂವತ್ತಾರು ಫೋಟೊಗಳಲ್ಲೂ ಆ ಕಂಬ ಇತ್ತು.

ಮದುವೆಯ ಆಲ್ಬಂ ನೋಡಿದವರೆಲ್ಲ ಮೊದಲು ತಮ್ಮ ಮುಖ ಹುಡುಕಿದರು, ಆಮೇಲೆ ಕಂಬಕ್ಕೆ ಬೈದರು. ಗಂಡು ಹೆಣ್ಣು ಬಲಕ್ಕೆ ಸರಿದುಹೋಗಿದ್ದರು. ಎಡಗಡೆ ಛತ್ರದ ಕಂಬ ಹತ್ತಿರದ ನೆಂಟನ ಹಾಗೆ ಪ್ರತಿ ಫೋಟೊದಲ್ಲೂ ನಿಂತಿತ್ತು.

"ಈ ಸ್ವಾಮಿಗೆ ಕ್ಯಾಮೆರಾ ಇಡಿಯಾಕೇ ಬರಾಕಿಲ್ಲ. ಕಂಬಕ್ಕೂ ಮದ್ವೆ ಮಾಡ್ಬುಟ್ಟವ್ನೆ" ಎಂದು ಮದುಮಗಳು ಭವ್ಯಳೇ ನಕ್ಕಿದ್ದಳು.

ಭವ್ಯಳ ಅಕ್ಕ ಗಂಗಾಂಬಿಕೆ ನಗಲಿಲ್ಲ. ತಂಗಿಯ ಮದುವೆ ತನಗಿಂತ ಮೊದಲು ನಡೆದಾಗ ಅಕ್ಕನಾದವಳು ಎಲ್ಲಿ ಕೂರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ವೇದಿಕೆ ಹತ್ತಿದರೆ ನಾಲ್ಕು ಜನ ಕೇಳುತ್ತಾರೆ, ಊರು ಉಡಿಗಾಲದಲ್ಲಿ ಮನೆಯಲ್ಲೇ ಉಳಿದರೆ ನಲವತ್ತು ಜನ ಕೇಳುತ್ತಾರೆ. ಅದಕ್ಕೇ ಅವಳು ಕಂಬದ ಪಕ್ಕ ಒಂದು ಕಬ್ಬಿಣದ ಕುರ್ಚಿ ಎಳೆದುಕೊಂಡು ಕೂತಿದ್ದಳು. ಮದುವೆ ಮುಗಿಯುವವರೆಗೆ ಎದ್ದದ್ದು ಒಂದೇ ಸಲ, ಒಂದು ಲೋಟ ಮಜ್ಜಿಗೆ ತರಲು.

ಅದು ತೊಂಬತ್ತೊಂಬತ್ತರ ಮೇ ತಿಂಗಳು. ಈಗ ಶ್ರಾವಣ ಬಂದಿತ್ತು.

ಚಾಮರಾಜನಗರದ ಒಂದು ಪ್ರೆಸ್ಸಿನಲ್ಲಿ ಗಂಗಾಂಬಿಕೆಯದು ಕಂಪ್ಯೂಟರ್ ಕೆಲಸ. ಮದುವೆ ಕಾರ್ಡುಗಳಿಗೆ ಕಾಲವಿದೆ, ಶಿವಗಣಾರಾಧನೆಯ ಕಾರ್ಡುಗಳಿಗಿಲ್ಲ. ಕಾರ್ಡಿನ ಮೇಲೆ ತೀರಿಕೊಂಡವರ ಫೋಟೊ ಇರಲೇಬೇಕೆಂಬ ಆಸೆ ಹಳ್ಳಿಗಳಲ್ಲಿ ಹೊಸದಾಗಿ ಹುಟ್ಟಿತ್ತು. ಆದರೆ ಬದುಕಿದ್ದಾಗ ಒಬ್ಬರೇ ನಿಂತು ಫೋಟೊ ತೆಗೆಸಿಕೊಂಡವರು ಎಷ್ಟು ಮಂದಿ? ಯಾರದೋ ಮದುವೆಯ ಗುಂಪಿನಲ್ಲಿ, ಮೂರನೇ ಸಾಲಿನಲ್ಲಿ, ಪೇಟಗಳ ಸಂದಿಯಲ್ಲಿ ಅರ್ಧ ಮುಖ. ಅದನ್ನು ಸ್ಕ್ಯಾನ್ ಮಾಡಿ, ಜೂಮ್ ಮಾಡಿ, ಗುಂಪಿನಿಂದ ಬಿಡಿಸಿ ತೆಗೆಯುವುದು ಅವಳ ಕೆಲಸ.

ಫೋಟೊ ನೋಡುವ ಸಾಫ್ಟ್‌ವೇರಿಗೆ ಒಂದು ಹಠವಿತ್ತು. ಒಂದು ಫೋಟೊದ ಒಂದು ಮೂಲೆಯನ್ನು ದೊಡ್ಡದು ಮಾಡಿ ಮುಂದಿನದಕ್ಕೆ ಹೋದರೆ, ಅದನ್ನೂ ಅಷ್ಟೇ ದೊಡ್ಡದಾಗಿ, ಅದೇ ಮೂಲೆಯಲ್ಲೇ ತೆರೆಯುತ್ತಿತ್ತು. ಒಂದರಲ್ಲಿ ಅಜ್ಜಿಯ ಮುಖವಿದ್ದ ಜಾಗದಲ್ಲಿ ಇನ್ನೊಂದರಲ್ಲಿ ಯಾರದೋ ಮೊಣಕೈ, ಮತ್ತೊಂದರಲ್ಲಿ ಬಾಳೆಕಂದು. ಇದನ್ನು ಸರಿಮಾಡುವ ದಾರಿ ಇದ್ದಿರಬಹುದು, ಅವಳಿಗೆ ಹೇಳಿಕೊಟ್ಟವರಿಲ್ಲ.

ಭವ್ಯಳ ಮದುವೆಯ ಫೋಟೊ ತೆಗೆದಿದ್ದ, ಗುಂಡ್ಲುಪೇಟೆಯಲ್ಲಿ ಸ್ಟುಡಿಯೊ ಇಟ್ಟಿದ್ದ ಮಲ್ಲಿಕಾರ್ಜುನಸ್ವಾಮಿ ಪ್ರತಿ ಮಂಗಳವಾರ ಇಂಥ ಫೋಟೊಗಳನ್ನು ಕವರಿನಲ್ಲಿ ಹಾಕಿಕೊಂಡು ಬರುತ್ತಿದ್ದ. ಬೆಂಚಿನ ತುದಿಯಲ್ಲಿ, ಬಸ್ಸಿನಲ್ಲಿ ಟಿಕೆಟ್ ಇಲ್ಲದವನ ಹಾಗೆ ಕೂರುತ್ತಿದ್ದ.

"ಇವತ್ತು ಯಾರು?"

"ಭೀಮನಬೀಡಿನ ಅಜ್ಜಿ ಮೇಡಂ. ಎರಡ್ನೇ ಸಾಲು, ಬಲಗಡೆಯಿಂದ ನಾಕನೇದು."

"ನೀವು ತೆಗೆದಿದ್ದಾ?"

"ಊಂ."

"ಕಂಬನೇ ಕಾಣ್ತಿಲ್ವಲ್ಲ."

ಸ್ವಾಮಿ ಕಿವಿ ಕೆರೆದುಕೊಂಡು ನೆಲ ನೋಡುತ್ತಿದ್ದ. ಅವನ ಕಿವಿ ಕೆಂಪಾಗುವುದು ಅವಳಿಗೆ ಕಂಪ್ಯೂಟರಿನ ಗಾಜಿನಲ್ಲೇ ಕಾಣುತ್ತಿತ್ತು. ವಾರಕ್ಕೊಂದು ಸಲ ಇಷ್ಟು ಮಾತು. ಉಳಿದ ಆರು ದಿನ ಅವಳು ಇದನ್ನೇ ಮತ್ತೆ ಮತ್ತೆ ಆಡಿಕೊಳ್ಳುತ್ತಿದ್ದಳೆಂದು ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸೋದರತ್ತೆ ಮಹಾಲಕ್ಷ್ಮಮ್ಮ ಹರವೆ ಊರಿನ ಒಂದು ಸಂಬಂಧ ತಂದರು. ಹೆಂಡತಿ ತೀರಿಕೊಂಡವನು, ನಲವತ್ತೆರಡು ವಯಸ್ಸು, ನೌಕರಿ ಇದೆ. "ಫೋಟೊ ಒಂದು ಕೊಡು ಕಣಮ್ಮಿ, ಮಿಕ್ಕಿದ್ದು ನಾನ್ ನೋಡ್ಕತೀನಿ" ಅಂದರು. ಹಿಂದೆ ಸ್ಟುಡಿಯೊದಲ್ಲಿ ನಿಂತು ತೆಗೆಸಿದ್ದ ಮೂರು ಫೋಟೊಗಳು ಮೂರು ಊರಿಗೆ ಹೋಗಿ ಮೂರೂ ವಾಪಸ್ ಬಂದಿದ್ದವು. ಇನ್ನೊಮ್ಮೆ ಪರದೆಯ ಮುಂದೆ ನಿಂತು ನಗಲು ಗಂಗಾಂಬಿಕೆಗೆ ಆಗುತ್ತಿರಲಿಲ್ಲ. ತಂಗಿಯ ಮದುವೆಯ ಫೋಟೊದಲ್ಲಿ ಎಲ್ಲಾದರೂ ಮೂಲೆಯಲ್ಲಿ ಇದ್ದರೆ ಬಿಡಿಸಿ ಕೊಡುತ್ತೇನೆಂದು ಒಪ್ಪಿದಳು.

ಆ ಫೋಟೊಗಳ ಇನ್ನೊಂದು ಪ್ರತಿ ಬೇಕೆಂದು ಸ್ವಾಮಿಗೆ ಹೇಳಿದಳು. ಯಾಕೆಂದೂ ಹೇಳಿದಳು. ಅವನ ಮುಖ ನೋಡಬೇಕೆಂದೇ ಹೇಳಿದ್ದಳು. ಆದರೆ ಅವನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡ. ಎರಡು ಮಂಗಳವಾರ "ಮರ್ತ್‌ಬುಟ್ಟೆ ಮೇಡಂ" ಅಂದ. ಅವಳಿಗೆ ಸಂಕಟವಾಯಿತು. ಆ ಸಂಬಂಧ ಬೇಡವೆನ್ನಲೂ ಅವನಿಗೆ ಮನಸ್ಸಿಲ್ಲ, ಫೋಟೊ ಕೊಡಲೂ ನೆನಪಿಲ್ಲ, ಅವನ ಲೆಕ್ಕದಲ್ಲಿ ತಾನು ಇಷ್ಟೇ ಅನ್ನಿಸಿತು.

ಮೂರನೇ ಮಂಗಳವಾರ ಬೆಳಿಗ್ಗೆ ತಂದಿಟ್ಟ. ನಾಲ್ಕು ಗಂಟೆಗೆ ಅತ್ತೆ ಬರುವವರಿದ್ದರು. ಅವಳು ಒಂದೊಂದನ್ನೇ ಸ್ಕ್ಯಾನರಿನ ಒಂದೇ ಮೂಲೆಗೆ ಒತ್ತಿಟ್ಟು ಮುಗಿಸುವಾಗ ಮೂರೂವರೆ. ಸ್ವಾಮಿ ಮಧ್ಯಾಹ್ನದ ಬಸ್ಸಿಗೂ ಹೋಗದೆ ಬೆಂಚಿನ ಮೇಲೇ ಇದ್ದ.

ಮೊದಲ ಫೋಟೊ ತೆರೆದಳು. ಎಡಗಡೆ ಕಂಬ, ಕಂಬದ ಬುಡದಲ್ಲಿ ಅಕ್ಕಿಕಾಳಿನಷ್ಟು ಅವಳು. ಜೂಮ್ ಮಾಡಿದಳು. ಸತ್ತವರನ್ನು ಬಿಟ್ಟು ಯಾರನ್ನೂ ಹೀಗೆ ಗುಂಪಿನಿಂದ ಬಿಡಿಸಿದವಳಲ್ಲ ಅವಳು, ಈಗ ತನ್ನನ್ನೇ ಬಿಡಿಸಬೇಕು. ತಲೆ ಬಗ್ಗಿಸಿದ್ದ ಫೋಟೊ, ಬೇಡ. ಮುಂದಿನದಕ್ಕೆ ಒತ್ತಿದಳು.

ಮೊಣಕೈ ಬರಬೇಕಿತ್ತು, ಬಾಳೆಕಂದು ಬರಬೇಕಿತ್ತು. ಬಂದದ್ದು ಅವಳೇ.

ಕಂಪ್ಯೂಟರ್ ನಿಂತುಹೋಯಿತೇನೋ ಅಂದುಕೊಂಡಳು. ಇಲ್ಲ, ಇದರಲ್ಲಿ ಕೈ ಮಲ್ಲಿಗೆ ಮುಟ್ಟುತ್ತಿತ್ತು. ಮತ್ತೆ ಒತ್ತಿದಳು. ಯಾರದೋ ಮಗು ಅವಳ ಬಳೆ ಎಳೆಯುತ್ತಿತ್ತು, ಅವಳು ನಗುತ್ತಿದ್ದಳು. ಮತ್ತೆ ಒತ್ತಿದಳು. ತಾಳಿ ಕಟ್ಟುವ ಹೊತ್ತು, ಎಲ್ಲರೂ ವೇದಿಕೆ ನೋಡುತ್ತಿದ್ದರು, ಅವಳು ಸೆರಗಿನ ತುದಿಯಿಂದ ಕಣ್ಣಂಚು ಒರೆಸುತ್ತಿದ್ದಳು. ಅದನ್ನು ಯಾರೂ ನೋಡಿಲ್ಲವೆಂದು ನಾಲ್ಕು ತಿಂಗಳು ನೆಮ್ಮದಿಯಾಗಿದ್ದಳು.

ಹತ್ತು, ಇಪ್ಪತ್ತು, ಮೂವತ್ತು. ಜೂಮ್ ಕದಲಲಿಲ್ಲ, ಅವಳೂ ಆ ಚೌಕದಿಂದ ಹೊರಗೆ ಹೋಗಲಿಲ್ಲ. ವೇದಿಕೆಯ ಮೇಲೆ ಬಂದು ಹೋದ ನೆಂಟರು ಯಾರೂ ಕಾಣಲಿಲ್ಲ. ಒಬ್ಬಳ ಒಂಟಿ ಮಧ್ಯಾಹ್ನವನ್ನು ಯಾರೋ ಪಕ್ಕದಲ್ಲಿ ಕೂತು ನೋಡಿದ ಹಾಗಿತ್ತು.

ತಿರುಗಿದಳು. ಸ್ವಾಮಿ ಎದ್ದು ನಿಂತಿದ್ದ.

"ಕಂಬದ ಫೋಟೊ ತೆಗೀಬೇಕು ಅಂತ ತೆಗೆದಿದ್ದಲ್ಲ, ಅಲ್ವಾ?"

"ಕಂಬ ಬುಟ್ರೆ ನೀವೂ ಓಗ್ಬುಡ್ತಿದ್ರಿ ಮೇಡಂ."

"ನಾಕು ತಿಂಗ್ಳಿಂದ ಎಲ್ರೂ ನಿಮಗೆ ಬಯ್ತಾ ಅವ್ರೆ. ಒಂದ್ಮಾತು ಆಡ್ಬಾರ್ದಿತ್ತಾ?"

"ಏನಂತ ಆಡನ? ನೀವು ಕಂಪ್ಯೂಟರ್ ಕಲ್ತೋರು." ಅವನು ಕವರು ಮಡಿಸುತ್ತಾ ಹೋದ. "ಈಗ ಹರವೆಗೆ ಓಗೋ ಫೋಟೊನೂ ನಾನೇ ತಂದ್ಕೊಟ್ಟಂಗಾಯ್ತು. ಎರಡು ವಾರ ತರಾಕೆ ಮನ್ಸು ಬರ್ನಿಲ್ಲ. ನಿಜವಾಗ್ಲೂ ಮರ್ತಿರ್ನಿಲ್ಲ."

ಅವಳು ಕೊನೆಯದಕ್ಕೆ ಒತ್ತಿದಳು. ಕಂಬ, ಖಾಲಿ ಕುರ್ಚಿ, ಬೇರೇನೂ ಇಲ್ಲ.

"ಇದು?"

"ರೋಲಲ್ಲಿ ಅದೊಂದೇ ಉಳಿದಿತ್ತು. ನೀವು ಎದ್ದೋದ್ರಿ. ವಾಪಸ್ ಬತ್ತೀರೇನೋ ಅಂತ ಕುರ್ಚೀನೇ ನೋಡ್ತಾ ನಿಂತಿದ್ದೆ, ಅಳ್ಳಾಡ್ದಂಗೆ. ಬರ್ನೇ ಇಲ್ಲ." ಅವನ ದನಿ ಇಳಿಯಿತು. "ಬತ್ತೀನಿ ಮೇಡಂ. ಬಸ್ಸಿಗೊತ್ತಾಯ್ತು."

ಬೆನ್ನು ತಿರುಗಿಸಿ ಬಾಗಿಲಿಗೆ ಹೋದ. ಅಷ್ಟರಲ್ಲಿ ಮಹಾಲಕ್ಷ್ಮಮ್ಮ ಕೊಡೆ ಮಡಿಸುತ್ತಾ ಒಳಗೆ ಬಂದರು. ಅವರಿಗೆ ದಾರಿ ಬಿಟ್ಟು ಸ್ವಾಮಿ ಹೊಸಿಲ ಮೇಲೆ, ಬೀದಿ ನೋಡುತ್ತಾ ನಿಂತ.

"ಎಲ್ಲಮ್ಮಿ ಫೋಟೊ?" ಅತ್ತೆ ಕನ್ನಡಕ ಏರಿಸಿ ಸ್ಕ್ರೀನಿಗೆ ಬಗ್ಗಿದರು. "ಇದೇನವ್ವ, ಬರೀ ಕುರ್ಚಿ. ಇದ್ರಲ್ಲಿ ನೀನೇ ಇಲ್ವಲ್ಲ."

ಗಂಗಾಂಬಿಕೆ ಮೌಸಿನಿಂದ ಕೈ ತೆಗೆದಳು. ಈಗ ಆಡದಿದ್ದರೆ ಇನ್ನು ಆಡುವ ಮಂಗಳವಾರ ಇಲ್ಲವೆಂದು ಅವಳಿಗೆ ಗೊತ್ತಿತ್ತು.

"ಇದ್ರಲ್ಲೇ ಇವ್ನಿ ಕಣತ್ತೆ."

"ಎಲ್ಲಿದ್ದಿಯೇ?"

"ಫೋಟೊ ತೆಗೆಯೋರ ಹಿಂದೆ. ಬೆಳಿಗ್ಗೆಯಿಂದ ಅವ್ರಿಗೆ ಯಾರೂ ಒಂದ್ಲೋಟ ನೀರು ಕೊಟ್ಟಿರ್ನಿಲ್ಲ. ಅದಕ್ಕೆ ಎದ್ದೋಗಿ ಮಜ್ಜಿಗೆ ತಂದಿದ್ದೆ. ಲೋಟ ಇಡ್ಕಂಡು ಬೆನ್ನ ಹಿಂದೆ ನಿಂತೇ ಇದ್ದೆ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಅವ್ರು ತಿರುಗಿ ನೋಡ್ನೇ ಇಲ್ಲ."

ಅತ್ತೆ ಒಮ್ಮೆ ಕುರ್ಚಿಯನ್ನು, ಒಮ್ಮೆ ಗಂಗಾಂಬಿಕೆಯನ್ನು ನೋಡಿದರು. ಆಮೇಲೆ ಹೊಸಿಲ ಮೇಲಿದ್ದ ಬೆನ್ನನ್ನು ನೋಡಿದರು.

"ಹರವೆಯೋರ್ಗೆ ಏನ್ ಹೇಳನ ಮತ್ತೆ?" ಎಂದು ಮೆಲ್ಲಗೆ ಕೇಳಿದರು.

"ಫೋಟೊ ಇಲ್ಲ ಅಂತ ಹೇಳಿ."

ಗುಂಡ್ಲುಪೇಟೆ ಬಸ್ಸು ಹಾರ್ನ್ ಮಾಡುತ್ತಾ ಹೋಯಿತು. ಹೊಸಿಲ ಮೇಲಿದ್ದವನು ಅದನ್ನು ಹತ್ತಲಿಲ್ಲ, ನಿಧಾನವಾಗಿ ತಿರುಗಿ ನೋಡಿದ.