ಲವಂಗದ ಕಂಟೇನರಿನಲ್ಲಿ ಖಾಲಿ ಡ್ರಮ್‌ಗಳು

ಕಂಟೇನರಿನ ಬಾಗಿಲು ತೆರೆದಾಗ ಎದುರಿಗೆ ಲವಂಗದ ಮೂಟೆಗಳು ಕಾಣಬೇಕಿತ್ತು. ಕಂಡದ್ದು ನಾಲ್ಕು ನೀಲಿ ಪ್ಲಾಸ್ಟಿಕ್ ಡ್ರಮ್‌ಗಳು. ನಾಲ್ಕೂ ಖಾಲಿ. ಅವುಗಳ ಹಿಂದೆ ಉಳಿದ ಮೂಟೆಗಳು ಚಾವಣಿಯವರೆಗೆ ನಿಂತಿದ್ದವು. ಬಾಗಿಲ ಬಳಿಯ ಹದಿನಾರು ಮೂಟೆಗಳು ಮಾತ್ರ ಮಂಗಮಾಯ.

ಬಾಗಿಲಿನ ಸೀಲ್ ಒಡೆದಿರಲಿಲ್ಲ.

ವಿಮೆ ಕಂಪನಿಯ ಪರವಾಗಿ ನಾನು ಗೋದಾಮಿಗೆ ಹೋಗುವ ಹೊತ್ತಿಗೆ ಕಳ್ಳನೂ ಸಿಕ್ಕಿಬಿದ್ದಿದ್ದ. ಅಂದರೆ, ಎಲ್ಲರೂ ಹಾಗೆಂದು ತೀರ್ಮಾನಿಸಿಬಿಟ್ಟಿದ್ದರು. ಬಂದರಿನಿಂದ ಕಂಟೇನರ್ ತಂದ ಲಾರಿ ಡ್ರೈವರನ್ನು ಪೊಲೀಸರು ಠಾಣೆಯಲ್ಲಿ ಕೂರಿಸಿಕೊಂಡಿದ್ದರು. ದಾರಿಯಲ್ಲಿ ಲಾರಿ ನಿಲ್ಲಿಸಿ ನಿದ್ದೆ ಹೊಡೆದೆ ಎಂದು ಅವನೇ ಒಪ್ಪಿಕೊಂಡಿದ್ದ. ಅವನ ಲಾರಿಯ ಪಕ್ಕಕ್ಕೆ ಕಟ್ಟಿದ್ದ ನೀರಿನ ಡ್ರಮ್ ಕೂಡ ನೀಲಿಯೇ. ಇನ್ನು ಸೀಲ್ ಮುಟ್ಟದೆ ಬಾಗಿಲಿನ ಬೋಲ್ಟ್ ಬಿಚ್ಚಿ ಮಾಲು ಇಳಿಸುವ ಚಾಲಾಕಿಗಳು ನಮ್ಮ ಕಸುಬಿನವರಿಗೆ ಹೊಸಬರಲ್ಲ.

ಇನ್ನು ಉಳಿದದ್ದು ಒಂದು ಸಹಿ. ಮಾಲಿನ ಒಡತಿ ದೂರಿಗೆ ಸಹಿ ಹಾಕಿದರೆ ಡ್ರೈವರ್ ಅಂದೇ ಜೈಲಿಗೆ. ಹಾಕದಿದ್ದರೆ ಅವರ ಕ್ಲೇಮು ಮುಂದೆ ಸಾಗದು. ಪೊಲೀಸ್ ದೂರಿಲ್ಲದೆ ಕಳವಿನ ಹಣ ಯಾವ ಕಂಪನಿ ಕೊಡುತ್ತದೆ? ಡ್ರೈವರನ ಹೆಂಡತಿ ಬೆಳಗ್ಗೆಯಿಂದ ಗೋದಾಮಿನ ಗೇಟಿನ ಬಳಿ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನಾನು ಕಾಣದವನ ಹಾಗೆ ಒಳಗೆ ನಡೆದೆ. ನನ್ನ ಕೈಯಲ್ಲಿ ಏನಿದೆ, ಹೇಳಿ?

ನನ್ನ ಜೊತೆ ಬಂದವರು ಸರ್ವೇಯರ್. ಮಾಲು ಎಲ್ಲಿ, ಹೇಗೆ ಹೋಯಿತೆಂದು ಪರೀಕ್ಷಿಸಿ ಕಂಪನಿಗೆ ತಿಳಿಸುವುದು ಅವರ ಕೆಲಸ. ನಮ್ಮ ಆಫೀಸಿನಲ್ಲಿ ಅವರಿಗೆ ‘ಯಾಕೆ ಸಾಹೇಬರು’ ಎಂದೇ ಹೆಸರು. ಊಟದ ಡಬ್ಬಿ ಮುಚ್ಚಳ ತೆಗೆದರೂ ಯಾಕೆ ಎಂದು ಕೇಳುವ ಮನುಷ್ಯ. ಅವರ ಜೊತೆ ಹೊರಟರೆ ಆ ದಿನ ಹೊತ್ತಿಗೆ ಸರಿಯಾಗಿ ಊಟವಿಲ್ಲ ಎಂದೇ ಅರ್ಥ.

ಗೋದಾಮಿನೊಳಗೆ ಕಾಲಿಡುತ್ತಿದ್ದಂತೆ ಒಡತಿ ನನ್ನನ್ನು ತಡೆದರು. ಐವತ್ತರ ಆಸುಪಾಸಿನ ಹೆಂಗಸು, ಬೆರಳ ತುದಿಗಳು ಲವಂಗದ ಬಣ್ಣಕ್ಕೇ ತಿರುಗಿದ್ದವು.

“ನೀರಿನ ಬಾಟ್ಲಿ ಹೊರಗಿಡಿ. ಒಳಗೆ ಬೇಡ.”

“ಮುಚ್ಚಳ ಭದ್ರವಾಗಿದೆ ಅಮ್ಮಾ.”

“ಇರ್ಲಿ. ನಮ್ಮಪ್ಪನ ಕಾಲದಿಂದ ಬಂದ ಕಟ್ಟುನಿಟ್ಟು.”

“ಯಾಕೆ?” — ಸಾಹೇಬರು.

ಒಡತಿ ಬಾಯಿ ತೆರೆಯುವ ಮೊದಲೇ ಅವರ ತಮ್ಮ ನಗುತ್ತಾ ಮುಂದೆ ಬಂದ. “ಬಿಡಿ ಸಾರ್, ಹಳೇ ಕಾಲದವರ ಮಾತು. ಬನ್ನಿ, ಕಂಟೇನರ್ ಆ ಕಡೆ ಇದೆ.”

ಸರ್ವೇಯರ್ ಬರುವ ತನಕ ಏನನ್ನೂ ಮುಟ್ಟಬಾರದು ಎಂದು ನಾವೇ ಹೇಳಿದ್ದೆವು. ಹಾಗಾಗಿ ಬಾಗಿಲು ತೆರೆದದ್ದು ತೆರೆದಂತೆ, ಡ್ರಮ್‌ಗಳು ಇದ್ದಲ್ಲಿಯೇ ಇದ್ದವು. ಘಾಟಿಗೆ ನನಗೆ ಸೀನಿನ ಮೇಲೆ ಸೀನು. ಸಾಹೇಬರು ಮಾತ್ರ ಡ್ರಮ್ಮಿನೊಳಗೆ ತಲೆ ಹಾಕಿ ಮೂಸಿದರು. ಬೆರಳಾಡಿಸಿದರು. ಒಂದೊಂದು ಡ್ರಮ್ಮಿಗೂ ಉದ್ದನೆಯ ಗೋಣಿ ಬಟ್ಟೆ ಕಟ್ಟಿತ್ತು. ಒಂದು ತುದಿ ಒಳಗೆ ತಳದವರೆಗೆ, ಇನ್ನೊಂದು ಹೊರಗೆ ಮೂಟೆಗಳ ಮೇಲೆ.

“ಈ ಬಟ್ಟೆ ಯಾಕೆ?”

“ಕಳ್ಳನನ್ನೇ ಕೇಳ್ಬೇಕು,” ಅಂದ ತಮ್ಮ.

“ಡ್ರಮ್ ಯಾಕೆ?”

“ಮೂಟೆ ತೆಗೆದ ಜಾಗ ಖಾಲಿ ಉಳಿದ್ರೆ ಲಾರಿ ಕುಲುಕಿದಾಗ ಹಿಂದಿನ ಸಾಲು ಬಾಗಿಲ ಮೇಲೆ ಬೀಳುತ್ತೆ ಸಾರ್. ಅದಕ್ಕೇ ಅಡ್ಡ ಇಟ್ಟಿದ್ದಾನೆ.”

ಒಪ್ಪತಕ್ಕ ಮಾತು. ನಾನು ತಲೆಯಾಡಿಸಿದೆ. ಸಾಹೇಬರು ಆಡಿಸಲಿಲ್ಲ.

“ಅಲ್ಲಿ, ಹಡಗು ಹತ್ತಿಸುವ ಊರಲ್ಲಿ, ಮೂಟೆ ತುಂಬಿಸುವಾಗ ನಿಮ್ಮ ಕಡೆಯವರು ಯಾರಿದ್ರು?”

“ನಾನೇ ಇದ್ದೆ. ಅಕ್ಕನ ಮಾಲು, ಬೇರೆಯವರನ್ನ ನಂಬೋದು ಹೇಗೆ? ಬಾಗಿಲ ತನಕ ಮೂಟೆ ತುಂಬಿಸಿ, ಸೀಲ್ ನನ್ನ ಕೈಯಾರೆ ಹಾಕಿ, ಆಮೇಲೆ ವಾಪಸ್ ಬಂದೆ.”

“ಬಾಗಿಲ ತನಕ?”

“ಕೈ ತೂರಿಸೋಕೂ ಜಾಗ ಇರ್ಲಿಲ್ಲ ಸಾರ್.”

“ಹಾಗಾದ್ರೆ ಕಳವು ದಾರಿಯಲ್ಲೇ ಆಗಿದ್ದು ಅಂತ ಹೇಗೆ ಗೊತ್ತು? ಹಡಗಿನಲ್ಲೂ ಆಗಿರಬಹುದಲ್ಲ.”

ಇದಕ್ಕೆ ಉತ್ತರ ಕೊಟ್ಟವನು ನಾನು. ಆ ಊರಿನಿಂದ ಹೊರಟಾಗ ಇಡೀ ಕಂಟೇನರನ್ನು ತೂಗಿದ್ದರು. ಹಡಗಿನಿಂದ ಇಳಿದ ಮೇಲೆ ನಮ್ಮ ಬಂದರಿನ ಗೇಟಿನಲ್ಲೂ ತೂಗಿದ್ದರು. ಎರಡೂ ತೂಕ ಒಂದೇ. ಹಾಗಾಗಿ ಬಂದರಿನ ಗೇಟು ದಾಟುವ ತನಕ ಮಾಲು ಪೂರ್ತಿ ಇತ್ತು. ಅಲ್ಲಿಂದ ಗೋದಾಮಿನ ತನಕ ಅದು ಇದ್ದದ್ದು ಡ್ರೈವರನ ಕೈಯಲ್ಲಿ. ಇದಕ್ಕಿಂತ ಸರಳ ಲೆಕ್ಕ ಬೇಕೆ?

“ಭಲೇ,” ಅಂದರು ಸಾಹೇಬರು. ನನ್ನನ್ನು ಹೊಗಳಿದರೋ ಅಣಕಿಸಿದರೋ ತಿಳಿಯಲಿಲ್ಲ.

ಅವರು ಗೇಟಿನ ಕಡೆ ನಡೆದರು. ಡ್ರೈವರನ ಹೆಂಡತಿ ಸೆರಗಿನ ತುದಿ ಬಾಯಿಗೊತ್ತಿಕೊಂಡು ನಿಂತಳು.

“ನಿನ್ನ ಗಂಡ ಲಾರಿಯ ಡ್ರಮ್ಮಿಗೆ ಬಟ್ಟೆ ಕಟ್ಟಿರ್ತಾನೇನಮ್ಮ?”

“ಇಲ್ಲ ಸಾರ್. ಅದಕ್ಕೆ ಮುಚ್ಚಳ ಇದೆ. ಅವರು ಸ್ನಾನ ಮಾಡೋದೂ ಅದ್ರಲ್ಲೇ, ಪಾತ್ರೆ ತೊಳೆಯೋದೂ ಅದ್ರಲ್ಲೇ.” ಹಾಗೆಯೇ ಕೇಳಿದಳು. “ಇವತ್ತು ಬಿಡ್ತಾರಾ ಸಾರ್? ಒಂದ್ಸಲ ಕಳ್ಳ ಅಂತ ಹೆಸರು ಬಂದ್ರೆ ಮತ್ತೆ ಯಾರೂ ಲಾರಿ ಕೊಡಲ್ಲ.”

ಸಾಹೇಬರು ತಿರುಗಿ ನಡೆದರು. ಒಳಗೆ ಬಂದು ಒಡತಿಯನ್ನು ಕೇಳಿದರು. “ನಿಮ್ಮಲ್ಲಿ ತಕ್ಕಡಿ ಇದೆಯಾ?”

“ಇದೆ. ಆದ್ರೆ ಹೋದ ಮೂಟೆಗಳನ್ನ ಹೇಗೆ ತೂಗ್ತೀರಿ?”

“ಉಳಿದದ್ದನ್ನ ತೂಗೋಣ.”

“ಯಾಕೆ?” ಈ ಸಲ ಕೇಳಿದವನು ತಮ್ಮ. ದನಿ ಸ್ವಲ್ಪ ಮೇಲೇರಿತ್ತು. “ಊಟದ ಹೊತ್ತಾಯ್ತು ಸಾರ್. ನಾಳೆ ನೋಡಬಹುದಲ್ಲ.”

ನನ್ನ ಹೊಟ್ಟೆ ಅವನ ಪರವಾಗಿತ್ತು. ಆದರೂ ಹಮಾಲರು ಒಂದು ಮೂಟೆ ಇಳಿಸಿದರು. ಮೇಲೆ ಐವತ್ತು ಕಿಲೋ ಎಂಬ ಅಚ್ಚು. ತಕ್ಕಡಿಯ ಮುಳ್ಳು ಐವತ್ತನ್ನು ದಾಟಿ ನಿಂತಿತು. ಇನ್ನೊಂದು ಇಳಿಸಿದರು, ಅದೂ ಹೆಚ್ಚು. ಬೇರೆ ಬೇರೆ ಕಡೆಯಿಂದ ಇನ್ನೂ ಕೆಲವು. ಒಂದೂ ಕಡಿಮೆ ಬರಲಿಲ್ಲ.

ಕಳವಾದ ಕಂಟೇನರಿನಲ್ಲಿ ಮಾಲು ಹೆಚ್ಚಾಗಿದೆ! ನಾನು ತಲೆ ಕೆರೆದುಕೊಂಡೆ.

ಒಡತಿ ತಲೆ ಕೆರೆದುಕೊಳ್ಳಲಿಲ್ಲ. ಮೂಟೆಯ ಹೊಲಿಗೆ ಬಿಚ್ಚಿ, ಒಂದು ಲವಂಗ ತೆಗೆದು, ಎರಡು ಬೆರಳ ನಡುವೆ ಹಿಡಿದು ಮುರಿಯಲು ನೋಡಿದರು. ಒಣಗಿದ ಲವಂಗ ಚಟ್ಟನೆ ಮುರಿಯಬೇಕು. ಇದು ಬಾಗಿತು. ಇನ್ನೊಂದು ತೆಗೆದರು, ಅದೂ ಬಾಗಿತು.

“ನಾವು ಬರುವಾಗ ನಿಮಗೊಂದು ಪ್ರಶ್ನೆ ಕೇಳಿದ್ದೆ,” ಅಂದರು ಸಾಹೇಬರು. “ನೀರು ಒಳಗೆ ಬೇಡ, ಯಾಕೆ?”

“ಲವಂಗ ನೀರು ಕುಡಿಯುತ್ತೆ,” ಅಂದರು ಆಕೆ ಮೆಲ್ಲಗೆ. “ಮೇಲೆ ಚೆಲ್ಲೋದೇನೂ ಬೇಡ. ಪಕ್ಕದಲ್ಲಿ ಒಂದು ಕೊಡ ಇಟ್ಟು ಬಾಗಿಲು ಮುಚ್ಚಿದ್ರೂ ಸಾಕು. ಕೊಡ ಬರಿದಾಗುತ್ತೆ, ಮೂಟೆ ತೂಕ ಬರುತ್ತೆ. ಮೋಸ ಮಾಡೋರು ಹಾಗೇ ಮಾಡ್ತಾರೆ. ಅದಕ್ಕೇ ಅಪ್ಪ...”

“ಹಡಗಿನಲ್ಲಿ ಕಂಟೇನರ್ ಬೆವರುತ್ತೆ ಅಕ್ಕಾ,” ತಮ್ಮ ನಡುವೆ ಬಾಯಿ ಹಾಕಿದ. “ಸಮುದ್ರದ ಗಾಳಿ. ಅದಕ್ಕೇ ತೇವ ಆಗಿದೆ.”

“ಆಗಬಹುದು,” ಸಾಹೇಬರು ಒಪ್ಪಿದರು. “ಆದರೆ ಹದಿನಾರು ಮೂಟೆನೂ ಒಳಗಿದ್ದು, ಮೇಲೆ ಇಷ್ಟು ತೇವನೂ ಸೇರಿದ್ರೆ, ನಮ್ಮ ಬಂದರಿನ ಗೇಟಿನಲ್ಲಿ ತೂಕ ಜಾಸ್ತಿ ಬರಬೇಕಿತ್ತು. ಯಾಕೆ ಬರಲಿಲ್ಲ?”

ಸಾಹೇಬರು ಖಾಲಿ ಡ್ರಮ್ಮೊಂದನ್ನು ತಟ್ಟಿದರು.

“ಹೊರಗಿನಿಂದ ಏನೂ ಸೇರಲಿಲ್ಲ, ಒಳಗಿನಿಂದ ಏನೂ ಹೋಗಲಿಲ್ಲ. ಹೊರಟಾಗಲೇ ಆ ಜಾಗದಲ್ಲಿ ಮೂಟೆ ಇರಲಿಲ್ಲ, ಅಷ್ಟೇ ಭಾರದ ನೀರಿತ್ತು. ನಾಲ್ಕು ಡ್ರಮ್ ತುಂಬಾ. ಗೋಣಿ ಬಟ್ಟೆ ದೀಪದ ಬತ್ತಿಯ ಹಾಗೆ ನೀರನ್ನ ಮೇಲೆಳೆದು ಮೂಟೆಗಳಿಗೆ ಕೊಡ್ತಾ ಹೋಯ್ತು. ಹಡಗು ಇಲ್ಲಿಗೆ ಬರೋ ಹೊತ್ತಿಗೆ ಡ್ರಮ್ ಖಾಲಿ. ಸೀಲ್ ಗಟ್ಟಿ, ತೂಕ ಪಕ್ಕಾ. ತಲೆಗೆ ಕಟ್ಟೋಕೆ ಒಬ್ಬ ಲಾರಿ ಡ್ರೈವರ್ ಹೇಗೂ ಇರ್ತಾನೆ.” ಸಾಹೇಬರು ಒಡತಿಯ ಕಡೆ ತಿರುಗಿದರು. “ನಾವೆಲ್ಲ ಹೋದ ಮೂಟೆಗಳನ್ನೇ ಹುಡುಕಿದ್ವಿ. ಉಳಿದದ್ದನ್ನ ಯಾರೂ ಮುಟ್ಟಲಿಲ್ಲ. ಮುಟ್ಟಬೇಡಿ ಅಂತ ಹೇಳಿದವರೂ ನಾವೇ. ಅದನ್ನೂ ಆತ ಲೆಕ್ಕಕ್ಕೆ ತಗೊಂಡಿದ್ದ.”

“ಆತ ಅಂದ್ರೆ ಯಾರು?” ನಾನು ಕೇಳಿದೆ. “ಅಲ್ಲಿನ ಮಾರಾಟಗಾರನ ಕಡೆಯವರು ಮಾಡಿರಬಹುದಲ್ಲ?”

“ಮಾಡಿದ್ರೆ, ಬಾಗಿಲು ಮುಚ್ಚುವಾಗ ಎದುರಿಗೇ ನಾಲ್ಕು ಡ್ರಮ್ ಕಾಣಬೇಕಿತ್ತು. ಸೀಲ್ ಹಾಕಿದವರು ಕಂಡದ್ದು ಬಾಗಿಲ ತನಕ ಮೂಟೆ. ಕೈ ತೂರಿಸೋಕೂ ಜಾಗ ಇರಲಿಲ್ಲವಂತೆ.”

ಎಲ್ಲರ ಕಣ್ಣೂ ತಮ್ಮನ ಮೇಲೆ. ಅವನು ನೋಡಿದ್ದು ಅಕ್ಕನನ್ನು ಮಾತ್ರ.

“ಎಲ್ಲಾ ನಿನ್ನ ಹೆಸರಲ್ಲೇ ಇದೆ,” ಅಂದ ಕೊನೆಗೆ. “ಊರೂರು ಅಲೆಯೋನು ನಾನು. ಚಪ್ಪಲಿ ಬೇಕಾದ್ರೂ ನಿನ್ನ ಮುಂದೆ ಕೈಯೊಡ್ಡಬೇಕು. ಹದಿನಾರು ಮೂಟೆ ಅಲ್ಲೇ ಮಾರ್ಕೊಂಡೆ, ನಿನಗೇನು ನಷ್ಟ ಆಗ್ತಿತ್ತು? ವಿಮೆಯವರು ಕೊಡ್ತಿದ್ರು.”

ಕೈಯೊಡ್ಡುವ ಮಾತಿನಲ್ಲಿ ಸುಳ್ಳಿರಲಿಲ್ಲ ಎಂದು ನನಗೆ ಅನ್ನಿಸಿತು. ಒಡತಿಗೂ ಅನ್ನಿಸಿರಬೇಕು, ತಲೆ ತಗ್ಗಿಸಿದರು. ಕಂಟೇನರಿಗೆ ತುಂಬದೇ ಇದ್ದ ಮಾಲಿಗೆ ವಿಮೆ ಇಲ್ಲ. ಅವರ ಕ್ಲೇಮು ಅಲ್ಲಿಗೇ ಬಿದ್ದುಹೋಯಿತು. ಉಳಿದ ಲವಂಗವೂ ತೇವ ಹಿಡಿದು ಕೂತಿತ್ತು. ನಮ್ಮ ಕಂಪನಿಯ ಹಣ ಉಳಿಯಿತೆಂದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

“ಅಕ್ಕಾ,” ತಮ್ಮ ಹತ್ತಿರ ಬಂದ. “ಮನೆ ಮಾತು ಮನೇಲೇ ಇರ್ಲಿ. ಕ್ಲೇಮು ವಾಪಸ್ ತಗೋ, ದೂರೇ ಬೇಡ. ಡ್ರೈವರನ್ನೂ ಬಿಟ್ಟುಬಿಡ್ತಾರೆ.”

“ಬಿಡ್ತಾರೆ. ಆದ್ರೆ ಸಾಕ್ಷಿ ಸಿಗದೆ ಬಿಟ್ರು ಅಂತ ಜನ ಆಡ್ಕೊಳ್ತಾರೆ.” ಒಡತಿ ತಲೆಯೆತ್ತಿದರು. “ಅವನ ಮನೆ ಮಾತು ಬೀದಿಗೆ ಬಂದಾಗ ಇದು ನಿನಗೆ ಹೊಳೀಲಿಲ್ವಾ?”

ಮೇಜಿನ ಮೇಲೆ ದೂರು ಸಿದ್ಧವಾಗಿಯೇ ಇತ್ತು. ಅವರು ನನ್ನ ಪೆನ್ನು ಕೇಳಿ ಪಡೆದು ಡ್ರೈವರನ ಹೆಸರು ಹೊಡೆದು ಹಾಕಿದರು. ಮೇಲೆ ತಮ್ಮನ ಹೆಸರು ಬರೆದರು, ತಂದೆಯ ಹೆಸರಿನ ಸಮೇತ. ಆ ತಂದೆ ತಮಗೂ ತಂದೆ. ಅಲ್ಲಿ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಸಹಿ ಹಾಕಿದರು.

ಠಾಣೆಗೆ ಹೊರಟ ಒಡತಿ ಗೇಟಿನ ಬಳಿ ಕಾರು ನಿಲ್ಲಿಸಿ ಡ್ರೈವರನ ಹೆಂಡತಿಯನ್ನು ಕರೆದರು. ಅವಳು ಹಿಂದಿನ ಬಾಗಿಲಿಗೆ ಕೈ ಹಾಕಿದಳು.

“ಅಲ್ಲಿ ನನ್ನ ತಮ್ಮ ಕೂರ್ತಾನೆ,” ಅಂದರು ಒಡತಿ. “ನೀನು ಮುಂದೆ ಬಾ.”