ಆ ಜೀಪು ಓಡಿಸಿದ ಸೈನಿಕ

ಇಳಿಜಾರಿನ ತಿರುವಿನಲ್ಲಿ ಗೇರ್ ಬದಲಿಸಿದ ಸದ್ದು ಕೇಳಿದ್ದೇ ತಡ, ಸುಮಿತಾಳ ಮೊರದಲ್ಲಿದ್ದ ಕಾಳುಮೆಣಸು ಜಗಲಿಯ ತುಂಬ ಚೆಲ್ಲಿತು.

ಆ ಸದ್ದು ಅವಳಿಗೆ ಗೊತ್ತು. ಎರಡನೇ ಗೇರಿಗೆ ಬೀಳುವಾಗ ಒಮ್ಮೆ ಕೆಮ್ಮಿ, ಆಮೇಲೆ ಗುರ್ ಎಂದು ಚೇತರಿಸಿಕೊಳ್ಳುವ ಸದ್ದು. ಗಾಳಿಬೀಡಿನಲ್ಲಿ ಜೀಪುಗಳಿಗೆ ಬರವಿಲ್ಲ, ಪ್ರವಾಸಿಗರನ್ನು ಹೊತ್ತು ದಿನವಿಡೀ ಬೆಟ್ಟ ಹತ್ತಿ ಇಳಿಯುತ್ತವೆ. ಆದರೆ ಹೀಗೆ ಕೆಮ್ಮುತ್ತಿದ್ದದ್ದು ಅಪ್ಪನದೊಂದೇ.

'ಅಪ್ಪ ಹೋಗಿ ಮೂರು ವರ್ಷ ಆಯ್ತು... ಜೀಪು ಮಾರಿಯೂ ಅಷ್ಟೇ ಆಯ್ತು. ನನಗೇನಾದರೂ ಭ್ರಮೆಯಾ?'

ಅಂಗಳಕ್ಕೆ ಬಂದು ನಿಂತದ್ದು ಅದೇ ಜೀಪು. ಮೈತುಂಬ ಹೊಸ ಮಿಲಿಟರಿ ಹಸಿರು ಬಳಿದುಕೊಂಡು ಮದುಮಗನ ಹಾಗೆ ಹೊಳೆಯುತ್ತಿತ್ತು. ಅದರಿಂದ ಇಳಿದ ಯುವಕ ಚಕ್ರಕ್ಕೊಂದು ಕಲ್ಲು ಕೊಟ್ಟು, ಕೈ ಒರೆಸಿಕೊಂಡು ಜಗಲಿಯತ್ತ ನೋಡಿದ.

"ಹವಾಲ್ದಾರ್ ಬೆಳ್ಯಪ್ಪ ಅವರ ಮನೆ ಇದೇನಾ?"

ಅವಳು ಅವನ ಮುಖ ನೋಡಲಿಲ್ಲ. ಅವಳ ಕಣ್ಣು ತೆರೆದ ಜೀಪಿನೊಳಗೆ ಗೇರ್ ಕೋಲಿನ ಮೇಲಿತ್ತು. ಅದು ಬೋಳಾಗಿತ್ತು.

"ಅಪ್ಪ ಈಗ ಇಲ್ಲ," ಅಂದಳು. "ಆ ಗೇರ್ ಕೋಲಲ್ಲಿ ಒಂದು ಕಬ್ಬಿಣದ ಹಿಡಿ ಇತ್ತಲ್ಲ, ಅದೆಲ್ಲಿ?"

ಯುವಕನಿಗೆ ಬೆರಗಾಯಿತು. "ಅಯ್ಯೋ, ಅದನ್ನೇ ಕೇಳೋಕೆ ಬಂದೆ ಕಣ್ರೀ. ನಾನು ಅಭಿಲಾಷ್, ಕುಶಾಲನಗರದಲ್ಲಿ ಗ್ಯಾರೇಜ್ ಇಟ್ಟಿದ್ದೀನಿ. ಹಳೇ ಮಿಲಿಟರಿ ಗಾಡಿ ಸರಿ ಮಾಡೋ ಹುಚ್ಚು ನಂಗೆ. ಇದನ್ನ ನಿಮ್ಮ ತಂದೆ ಮಿಲಿಟರಿ ಹರಾಜಲ್ಲಿ ತಗೊಂಡ್ರು ಅನ್ನೋವರೆಗೂ ಗೊತ್ತಾಯ್ತು. ಆದ್ರೆ ಆ ಹಿಡಿ ಯಾರಿಗೆ ಮಾಡಿದ್ದು ಅಂತ ಗೊತ್ತಾಗ್ಲಿಲ್ಲ. ಯುದ್ಧದಲ್ಲಿ ಕಾಲು ಕಳ್ಕೊಂಡ ಒಬ್ಬ ಸೈನಿಕರಿಗೆ ಅಂತ ಬ್ರೋಕರ್ ಹೇಳ್ದ. ಕಾಲಲ್ಲಿ ಒತ್ತೋ ಕ್ಲಚ್ಚನ್ನ ಕೈಯಲ್ಲೇ ಹಿಡಿಯೋ ಹಾಗೆ ಮಾಡಿದ್ರು..."

"ಹಿಡಿ ಎಲ್ಲಿ ಅಂತ ಕೇಳ್ದೆ."

"ಕಟ್ ಮಾಡ್ಸಿ ತೆಗೆದೆ. ಅದು ಒರಿಜಿನಲ್ ಅಲ್ವಲ್ಲ. ಮುಂದಿನ ತಿಂಗಳು ಮಡಿಕೇರೀಲಿ ಹಳೇ ಗಾಡಿಗಳ ಮೇಳ ಇದೆ. ಮಿಲಿಟರಿಯಿಂದ ಬಂದ ಹಾಗೇ ಇಲ್ಲಾಂದ್ರೆ ಒಳಗೆ ಬಿಡಲ್ಲ."

ಸುಮಿತಾ ಆ ಬೋಳು ಕೋಲಿನಿಂದ ಕಣ್ಣು ತೆಗೆಯಲಿಲ್ಲ. ಬ್ರೋಕರ್‌ಗೇನು, ಬೆಲೆ ಏರಿಸಲು ಒಬ್ಬ ಸೈನಿಕ ಬೇಕಿತ್ತು, ಹುಟ್ಟಿಸಿಕೊಂಡ. ಅವನು ಹೇಳಿದ ಸೈನಿಕ ಇಲ್ಲೇ ಮೊರ ಮುಂದಿಟ್ಟುಕೊಂಡು ಕೂತಿದ್ದಳು.

ಗುಡ್ಡ ಜರಿದ ವರ್ಷ ಮನೆಯ ಗೋಡೆ ಅವಳ ಮೇಲೆ ಬಿದ್ದಿತ್ತು. ಬರಿಗೈಯಲ್ಲಿ ಮಣ್ಣು ಬಗೆದು ಅವಳನ್ನು ಹೊರಗೆಳೆದವನು ಅಣ್ಣ ಮಹೇಶ. ಜೀವ ಉಳಿಯಿತು, ಎಡಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಸೈನ್ಯದಲ್ಲಿ ಗಾಡಿ ರಿಪೇರಿ ಮಾಡಿಯೇ ನಿವೃತ್ತರಾಗಿದ್ದ ಅಪ್ಪ ಮಗಳ ಪಕ್ಕ ಅಳುತ್ತ ಕೂರಲಿಲ್ಲ, ಜೀಪಿಗೆ ಆ ಹಿಡಿ ಮಾಡಿಕೊಟ್ಟರು. ಅದನ್ನು ಹಿಡಿದು ಅವಳು ಮಡಿಕೇರಿಗೆ ಹೋದಳು, ಹೊಲಿಗೆ ಕಲಿತಳು, ಗೆಳತಿಯರ ಮದುವೆಗಳಲ್ಲಿ ಉಂಡು ಬಂದಳು.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಜೀಪು ಮಾರಿದ. "ಎಲ್ಲಾದ್ರೂ ಮಗುಚಿದ್ರೆ? ನಿನ್ನ ಇನ್ನೊಂದ್ಸಲ ಎತ್ತೋ ಧೈರ್ಯ ನಂಗಿಲ್ಲ ಸುಮಿ," ಅಂದಿದ್ದ. ಬಸ್ಸು ನಿಲ್ಲುವುದು ಏರಿನ ತುದಿಯಲ್ಲಿ, ಊರುಗೋಲಿಗೆ ಆ ಏರು ದಕ್ಕದು. ಅಂದಿನಿಂದ ಅವಳಿಗೆ ಈ ಜಗಲಿ, ಈ ಅಂಗಳ, ಎದುರಿನ ಮಾವಿನ ಮರ. ಆಸ್ಪತ್ರೆಗೆ ಮಾತ್ರ ಅಣ್ಣನ ಕಾರು. ಬಾಗಿಲಿಗೆ ಯಾರೂ ಬೀಗ ಹಾಕಿರಲಿಲ್ಲ. ಪ್ರೀತಿಯಿಂದ ಕೂಡಿಹಾಕಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

'ಹೇಳಿಬಿಡಲಾ? ಹೇಳಿದರೆ ಇವನ ಬಾಯಲ್ಲೂ ಅಯ್ಯೋ ಪಾಪ ಅಂತಲೇ ಬರುತ್ತೆ...'

ಆ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಉದ್ದ ಲಂಗ ಹೇಗೂ ನೆಲ ಮುಟ್ಟುತ್ತಿತ್ತು. ಪಕ್ಕದಲ್ಲಿದ್ದ ಊರುಗೋಲನ್ನು ತಾನು ಕೂತಿದ್ದ ಬೆಂಚಿನಡಿಗೆ ಮೆಲ್ಲಗೆ ತಳ್ಳಿದಳು.

"ಆ ಸೈನಿಕರು ನಂಗೆ ಗೊತ್ತು," ಅಂದಳು. "ಆದ್ರೆ ಅವರ ಕತೆ ಒಂದೇ ದಿನಕ್ಕೆ ಮುಗಿಯಲ್ಲ."

ಮುಗಿಯಲೂ ಇಲ್ಲ. ಅಭಿಲಾಷ್ ಮತ್ತೆ ಬಂದ, ಮತ್ತೂ ಬಂದ. ಅವಳು ಪ್ರತಿ ಸಲವೂ ಅದೇ ಬೆಂಚಿನ ನೀಲಿ ಚೌಕಳಿ ದಿಂಬಿನ ಮೇಲೆ ಕೂತಿರುತ್ತಿದ್ದಳು. ತನ್ನದೇ ಕತೆಯನ್ನು ಬೇರೆ ಯಾರದೋ ಎಂಬಂತೆ ಹೇಳುತ್ತಿದ್ದಳು.

"ಮೊದಲ್ನೇ ದಿನವೇ ಆ ಮಾವಿನ ಮರಕ್ಕೆ ಗುದ್ದಿದ್ರು. ಮರಕ್ಕೆ ಎಂತದೂ ಆಗ್ಲಿಲ್ಲ, ಅವರ ಮರ್ಯಾದೆ ಹೋಯ್ತು."

"ಹೆದರಿಕೊಂಡ್ರಾ?"

"ಹೂಂ, ಹೆದರಿದ್ರು. ಆದ್ರೆ ಮೇಲಿನ ತಿರುವು ದಾಟಿದ್ಮೇಲೆ ಮುಖಕ್ಕೆ ಗಾಳಿ ಬಡೀತದಲ್ಲ... ಆಗ ಕಾಲಿನ ನೆನಪೇ ಆಗ್ಲಿಲ್ವಂತೆ."

ಅಭಿಲಾಷ್ ಕಾಫಿ ಲೋಟ ಕೆಳಗಿಟ್ಟ. "ಅವರನ್ನ ಒಂದ್ಸಲ ನೋಡ್ಬೇಕು ಕಣ್ರೀ," ಅಂದ.

ಅವಳು ಲಂಗವನ್ನು ಕಾಲಿನ ಮೇಲೆ ಇನ್ನಷ್ಟು ಎಳೆದುಕೊಂಡಳು. 'ನೋಡುತ್ತಲೇ ಇದ್ದೀಯಲ್ಲೋ...'

ಒಳಗಿನಿಂದ ಬಂದ ಅಮ್ಮ ಲೋಟ ತೆಗೆದುಕೊಳ್ಳುತ್ತ ಕೇಳಿದರು, "ಎಂತ ಅಭಿಲಾಷ್, ಜೀಪಿನ ಕತೆ ಇನ್ನೂ ಉಂಟಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ಅಯ್ಯೋ, ಕತೆಗೇ ಬರೋದಮ್ಮ, ಬೇರೆ ಏನಕ್ಕೂ ಅಲ್ಲ," ಅಂದವನ ಕಿವಿ ಕೆಂಪಾಯಿತು. ಅಮ್ಮ ಬೆಂಚಿನಡಿಯ ಊರುಗೋಲನ್ನೂ ಮಗಳ ಮುಖವನ್ನೂ ನೋಡಿ, ಲೋಟ ಹಿಡಿದು ಒಳಗೆ ಹೋದರು.

ಮೇಳಕ್ಕೆ ವಾರವಿದ್ದಾಗ ಅವನು ಜಗಲಿಯ ಕೆಳಗೆ ನಿಂತು ಕೈ ಚಾಚಿದ.

"ಬನ್ನಿ, ಒಂದು ರೌಂಡ್ ಹೋಗಿ ಬರೋಣ. ಈ ಜೀಪಿನ ಬಗ್ಗೆ ಇಷ್ಟೆಲ್ಲ ಹೇಳ್ತೀರಿ, ಒಂದ್ಸಲನೂ ಹತ್ರ ಬರಲ್ಲ."

ಹೋಗಬೇಕೆಂದು ಅವಳ ಮೈಯೆಲ್ಲ ಹಂಬಲಿಸಿತು. ಆದರೆ ಏಳಬೇಕಾದರೆ ಊರುಗೋಲು ಬೇಕು. ಊರುಗೋಲು ಹೊರಗೆ ಬಂದರೆ ಸೈನಿಕ ಮಾಯವಾಗಿ, ಕಾಲಿಲ್ಲದ ಹುಡುಗಿ ಉಳಿಯುತ್ತಾಳೆ. ಇಷ್ಟು ದಿನ ಸುಳ್ಳು ಹೇಳಿದವಳು ಬೇರೆ.

"ಬೇಡ."

"ನನ್ ಜೊತೆ ಬರೋಕೆ ಇಷ್ಟ ಇಲ್ವಾ?" ಅವನ ದನಿ ಇಳಿಯಿತು. "ಮದುವೆ ಗೊತ್ತಾಗಿದ್ಯಾ?"

"ಹೂಂ... ಹಾಗೇ ಅಂದ್ಕೊಳ್ಳಿ."

ಚಾಚಿದ ಕೈ ಹಿಂದೆ ಹೋಯಿತು. ಅವನು ಚಕ್ರದ ಕಲ್ಲು ತೆಗೆದು, ತಿರುಗಿ ನೋಡದೆ ಹೊರಟ. ತಿರುವಿನಲ್ಲಿ ಜೀಪು ಕೆಮ್ಮಿತು, ಆಮೇಲೆ ಸದ್ದೂ ಅಡಗಿತು.

'ಇಷ್ಟು ದಿನ ಅಣ್ಣ ಕೂಡಿಹಾಕಿದ್ದ. ಇವತ್ತು ನಾನೇ ಅಗಣಿ ಹಾಕಿಕೊಂಡೆ...' ಅವಳು ದಿಂಬಿಗೆ ಮುಖ ಒತ್ತಿ ಅತ್ತಳು. ಬೆಂಚಿನಿಂದ ಏಳಲೇ ಮನಸ್ಸಾಗಲಿಲ್ಲ.

ಮೇಳದ ದಿನ ಬೆಳಿಗ್ಗೆ ಮಡಿಕೇರಿಯಲ್ಲಿರಬೇಕಾದ ಜೀಪು ಗಾಳಿಬೀಡಿನ ಇಳಿಜಾರಿನಲ್ಲಿ ಕೆಮ್ಮಿತು.

ಅಭಿಲಾಷ್ ಅದನ್ನು ಏರಿಗೆ ಮುಖ ಮಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಮಹೇಶ ಅಂಗಳಕ್ಕಿಳಿದ. ಸುಮಿತಾ ಮಾತ್ರ ಗೇರ್ ಕೋಲನ್ನೇ ನೋಡುತ್ತಿದ್ದಳು. ಅದರ ಮೇಲೆ ಅಪ್ಪ ಮಾಡಿದ ಹಿಡಿ ಇತ್ತು.

"ಗುಜರಿ ರಾಶಿಯೆಲ್ಲ ಕೆದಕಿ ಹುಡುಕಿದೆ," ಅಂದ ಅಭಿಲಾಷ್. "ವೆಲ್ಡ್ ಮಾಡೋಕೆ ಹಿಡ್ಕೊಂಡ್ರೆ ನನ್ನ ಮುಷ್ಟಿಗೆ ಸಣ್ಣದು. ಯಾವ ಸೈನಿಕನ ಕೈ ಇಷ್ಟು ಚಿಕ್ಕದಿರುತ್ತೆ? ಅದಕ್ಕೆ ಸುತ್ತಿದ್ದ ಬಟ್ಟೆ ನೋಡಿದೆ, ನೀಲಿ ಚೌಕಳಿ. ನೀವು ಕೂತಿರೋ ಈ ದಿಂಬಿನ ಬಟ್ಟೇನೇ. ಆಮೇಲೆ ನೆನಪಾಯ್ತು... ಇಷ್ಟು ಸಲ ಬಂದಿದ್ದೀನಿ, ನೀವು ಒಂದ್ಸಲನೂ ಎದ್ದಿದ್ದು ನೋಡಿಲ್ಲ."

ಅವಳ ಕಣ್ಣು ತುಂಬಿತು. "ಪಾಪ ಅನ್ನೋಕೆ ಬಂದ್ರಾ?"

"ಕ್ಷಮೆ ಕೇಳೋಕೆ ಬಂದೆ. ನಿಮ್ಮ ಕಾಲನ್ನ ನಾನು ಇನ್ನೊಂದ್ಸಲ ಕತ್ತರಿಸ್ಬಿಟ್ಟೆ." ಸ್ವಲ್ಪ ತಡೆದು ಅಂದ, "ಮತ್ತೆ, ಆ ಸೈನಿಕರನ್ನ ನೋಡ್ಬೇಕು ಅಂದಿದ್ನಲ್ಲ."

ಸುಮಿತಾ ಬಗ್ಗಿ ಬೆಂಚಿನಡಿಯಿಂದ ಊರುಗೋಲು ತೆಗೆದಳು. ಕಂಕುಳಿಗೆ ಕೊಟ್ಟು, ಅವನ ಎದುರಿಗೆ ಮೊದಲ ಸಲ ಎದ್ದು ನಿಂತಳು. ಅವನು ಅವಳ ಕಾಲಿನತ್ತ ನೋಡಲಿಲ್ಲ. ನೇರ ಮುಖಕ್ಕೆ ನೋಡಿ ನಕ್ಕ.

"ಸುಮಿ, ಬೇಡ," ಮಹೇಶ ಅಡ್ಡ ಬಂದ. "ಮೂರು ವರ್ಷದಿಂದ ಓಡಿಸಿಲ್ಲ ನೀನು. ಏನಾದ್ರೂ ಆದ್ರೆ?"

"ಅಣ್ಣ, ಅವತ್ತು ಮಣ್ಣಿಂದ ನನ್ನ ಎಳೆದು ತೆಗೆದದ್ದು ನೀನೇ. ಉಗುರು ಕಿತ್ತು ಹೋಗಿ ನಿನ್ನ ಕೈಯಲ್ಲಿ ರಕ್ತ ಸುರೀತಿದ್ದದ್ದು ನಾನು ಮರೆತಿಲ್ಲ." ಅವಳು ಊರುಗೋಲನ್ನು ಒಂದು ಹೆಜ್ಜೆ ಮುಂದಿಟ್ಟಳು. "ಆದ್ರೆ ಈ ಜಗಲೀಲಿ ಕೂತ್ರೆ ನಂಗೆ ಇನ್ನೂ ಆ ಗೋಡೆ ಅಡೀಲೇ ಇದ್ದ ಹಾಗೆ ಆಗ್ತದೆ. ಪೂರ್ತಿ ಎಳೆದುಬಿಡು ಅಣ್ಣ."

ಬಾಗಿಲಲ್ಲಿ ನಿಂತ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಹೇಶ ತಂಗಿಯ ತೋಳು ಹಿಡಿದು ಸೀಟಿಗೆ ಹತ್ತಿಸಿದ, ಊರುಗೋಲನ್ನು ಹಿಂದೆ ಇಟ್ಟ. ಎಂಜಿನ್ ಮೊದಲ ಸಲ ಗಕ್ಕನೆ ನಿಂತುಹೋಯಿತು. ಅವಳು ಮತ್ತೆ ಸ್ಟಾರ್ಟ್ ಮಾಡಿ ಅಣ್ಣನ ಕಡೆ ನೋಡಿದಳು. ಅವನು ಜೀಪಿನ ಹಿಂದೆ ಹೋಗಿ, ಬಗ್ಗಿ, ಚಕ್ರದ ಕಲ್ಲು ತೆಗೆದ.

ಜೀಪು ಮಾವಿನ ಮರವನ್ನು ಮುಟ್ಟದೆ ದಾಟಿತು.

"ಮೇಳ ಇವತ್ತೇ ಅಲ್ವಾ?" ಏರು ಹತ್ತುತ್ತ ಕೇಳಿದಳು. "ಹಿಡಿ ಇದ್ರೆ ಒಳಗೆ ಬಿಡಲ್ಲ ಅಂದಿದ್ರಿ."

"ಬಿಡಲ್ಲ. ಗೇಟಿನ ಹೊರಗೆ ನಿಲ್ಲಿಸಿ ಐಸ್‌ಕ್ರೀಮ್ ತಿನ್ನೋಣ." ಪಕ್ಕದ ಸೀಟಿನಲ್ಲಿದ್ದ ಅಭಿಲಾಷ್ ಅವಳತ್ತ ತಿರುಗಿದ. "ಒಂದು ವಿಷಯ ಕೇಳ್ಲಾ? ಆ ಸೈನಿಕರಿಗೆ ನಿಜವಾಗ್ಲೂ ಮದುವೆ ಗೊತ್ತಾಗಿದ್ಯಾ?"

"ಇಲ್ಲ. ಕೇಳಿದವರೇ ಇಲ್ಲ."

"ನಾನು ಕೇಳಿದ್ರೆ?"

"ಈಗ ಮಾತಾಡಿಸ್ಬೇಡಿ. ತಿರುವು ಬಂತು."

ಅವನು ಬಾಯಿ ಮುಚ್ಚಿ ಗಟ್ಟಿಯಾಗಿ ಕಂಬಿ ಹಿಡಿದುಕೊಂಡ. ಅವಳು ಹಿಡಿಯನ್ನು ಒತ್ತಿ ಗೇರ್ ಬದಲಿಸಿದಳು. ಜೀಪು ಒಮ್ಮೆ ಕೆಮ್ಮಿ, ಗುರ್ ಎಂದು ಚೇತರಿಸಿಕೊಂಡು ತಿರುವು ದಾಟಿತು. ಗಾಳಿ ಅವಳ ಮುಖಕ್ಕೆ ಬಡಿಯಿತು. ಕೂದಲು ಬಾಯಿಗೆ ಬಂದರೂ ಸರಿಸದೆ, ರಸ್ತೆಯಿಂದ ಕಣ್ಣು ತೆಗೆಯದೆ, ಅವಳು ನಗುತ್ತ ಅಂದಳು:

"ಹೂಂ... ಈಗ ಕೇಳಿ."